ಫ್ರೀನೆಟ್: ತಂತಿ ಕಂಪನಿಯದು, ಸಂಸ್ಥೆ ಸದಸ್ಯರದು

ಪ್ರಶ್ನೆ: ನಾನು ಶಿರಸಿ ಕಡೆಯವನು, ಈಗ ಕೆನಡಾದ ಒಟ್ಟಾವಾದಲ್ಲಿದ್ದೇನೆ. ನಮ್ಮ ಮನೆಗೆ ನ್ಯಾಷನಲ್ ಕ್ಯಾಪಿಟಲ್ ಫ್ರೀನೆಟ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯಿಂದ ಅಂತರ್ಜಾಲ ಸಂಪರ್ಕ ಪಡೆದಿದ್ದೇವೆ. ಆದರೆ ಸಂಪರ್ಕ ಜೋಡಿಸಲು ಬಂದವರು ದೊಡ್ಡ ದೂರವಾಣಿ ಕಂಪನಿಯ ತಂತ್ರಜ್ಞರು, ತಂತಿಯೂ ಆ ಕಂಪನಿಯದೇ. ಹಾಗಿದ್ದ ಮೇಲೆ ಈ ಸಂಸ್ಥೆ ಮಾಡುವುದಾದರೂ ಏನು? ಮೊದಲು ಉಚಿತವಾಗಿದ್ದ ಸೇವೆಗೆ ಈಗ ತಿಂಗಳು ತಿಂಗಳು ಹಣ ಕಟ್ಟಬೇಕಾಗಿರುವುದೇಕೆ? ವಾರ್ಷಿಕ ಮಹಾಸಭೆಗೆ ಬಂದು ಮತ ಹಾಕಿ ಎಂದು ಕರೆಯುತ್ತಾರೆ; ಹೋಗುವುದರಿಂದ ಪ್ರಯೋಜನವಿದೆಯೇ? ಊರಿನಲ್ಲಿ ನಮ್ಮ ಕೇರಿಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಇಂಥದೊಂದು ಸಂಸ್ಥೆಯನ್ನು ಅಲ್ಲಿ ಕಟ್ಟಬಹುದೇ?

ಉತ್ತರ: ತಂತಿಯ ಬಗ್ಗೆ ನೀವು ಗಮನಿಸಿರುವುದು ಸರಿಯಾಗಿಯೇ ಇದೆ. ಆದರೆ ಫ್ರೀನೆಟ್ ಬರಿಯ ದಲ್ಲಾಳಿ ಎಂದು ತೀರ್ಮಾನಿಸುವ ಮುನ್ನ ಮನೆಯ ಸಂಪರ್ಕದಲ್ಲಿ ಯಾವ ಯಾವ ಭಾಗಗಳಿವೆ ಎಂಬುದನ್ನು ಬಿಡಿಸಿ ನೋಡಬೇಕು. ನಿಮ್ಮ ಗೋಡೆಯಿಂದ ಬಡಾವಣೆಯ ಎಕ್ಸ್‌ಚೇಂಜಿನವರೆಗೆ ಹೋಗುವ ತಂತಿ ಒಂದು ಭಾಗ. ಎಕ್ಸ್‌ಚೇಂಜಿನಲ್ಲಿ ಸಾವಿರಾರು ಮನೆಗಳ ಸಂಚಾರವನ್ನು ಒಟ್ಟುಗೂಡಿಸಿ, ಯಾವ ಗ್ರಾಹಕ ಯಾವ ಸೇವಾದಾರನಿಗೆ ಸೇರಿದವನೆಂದು ವಿಂಗಡಿಸಿ, ಆಯಾ ಸೇವಾದಾರನ ಉಪಕರಣದವರೆಗೆ ಸಾಗಿಸುವುದು ಎರಡನೆಯದು. ಅಲ್ಲಿಂದ ಮುಂದೆ ಜಗತ್ತಿನ ಉಳಿದ ಜಾಲಗಳೊಂದಿಗೆ ಜೋಡಿಸುವುದು, ಐಪಿ ವಿಳಾಸ (ಜಾಲದಲ್ಲಿ ಪ್ರತಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕೊಡುವುದು, ಇಮೇಲ್ ನಡೆಸುವುದು, ಬಿಲ್ ಬರೆಯುವುದು, ಸಂಪರ್ಕ ಕೆಟ್ಟಾಗ ಫೋನ್ ಎತ್ತಿ ನಿಮ್ಮೊಡನೆ ಮಾತಾಡುವುದು, ಇವೆಲ್ಲ ಸೇರಿ ಮೂರನೆಯದು. ಫ್ರೀನೆಟ್ ಮೊದಲೆರಡು ಭಾಗಗಳನ್ನು ಸಗಟು ದರದಲ್ಲಿ ಕೊಂಡುಕೊಂಡು ಮೂರನೆಯದನ್ನು ತಾನೇ ನಡೆಸುತ್ತದೆ. ಈ ರೀತಿಯ ವ್ಯವಸ್ಥೆ ಕನ್ನಡಿಗರಿಗೆ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ವಿದ್ಯುತ್ತನ್ನು ತಾನು ಉತ್ಪಾದಿಸದೆ, ಸಗಟಾಗಿ ಕೊಂಡು ಸದಸ್ಯರಿಗೆ ಹಂಚುತ್ತ ಬಂದಿದೆ; ಅದನ್ನು ದಲ್ಲಾಳಿ ಎಂದು ಯಾರೂ ಕರೆಯುವುದಿಲ್ಲ. ವ್ಯತ್ಯಾಸವೆಂದರೆ ಹುಕ್ಕೇರಿಯಲ್ಲಿ ಮನೆಮನೆಗೆ ಹೋಗುವ ತಂತಿಯೂ ಸಂಘದ್ದು, ಒಟ್ಟಾವಾದಲ್ಲಿ ಹಾಗಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಉತ್ತರದ ಬಹುಭಾಗ ಅದರ ಸುತ್ತಲೇ ಇದೆ.

ಹಣದ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1984ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಗ್ರಂಡ್ನರ್ ಎಂಬವರು ಒಂದು ಕಂಪ್ಯೂಟರು, ಒಂದು ದೂರವಾಣಿ ಮಾರ್ಗ ಇಟ್ಟುಕೊಂಡು ಆರೋಗ್ಯ ಪ್ರಶ್ನೋತ್ತರದ ಪ್ರಯೋಗವೊಂದನ್ನು ಆರಂಭಿಸಿದರು. ಸಾರ್ವಜನಿಕರು ಮೋಡೆಮ್ (ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸುವ ಉಪಕರಣ) ಮೂಲಕ ಪ್ರಶ್ನೆ ಬರೆದಿಟ್ಟರೆ ವೈದ್ಯರು ಉತ್ತರ ಬರೆಯುತ್ತಿದ್ದರು. ಅದಕ್ಕೆ ಬಂದ ಜನರ ಒತ್ತಡವೇ 1986ರಲ್ಲಿ ಕ್ಲೀವ್‌ಲ್ಯಾಂಡ್ ಫ್ರೀನೆಟ್ ಆಗಿ ಬೆಳೆಯಿತು. ಪರದೆಯ ಮೇಲೆ ಇಡೀ ಊರನ್ನು ಅಕ್ಷರಗಳಲ್ಲೇ ಕಟ್ಟಿದ್ದರು: ಅಂಚೆ ಕಚೇರಿ, ಗ್ರಂಥಾಲಯ, ನ್ಯಾಯಾಲಯ, ಶಾಲೆ. ಸಂಖ್ಯೆಯೊಂದನ್ನು ಒತ್ತಿದರೆ ಆ ವಿಭಾಗದ ಒಳಗೆ ಹೋಗುತ್ತಿದ್ದರು. ಒಂದೊಂದು ವಿಭಾಗವನ್ನು ಒಬ್ಬೊಬ್ಬ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಯಂತ್ರ ಕೊಡುಗೆಯಾಗಿ ಬಂದಿತ್ತು, ಜಾಗ ವಿಶ್ವವಿದ್ಯಾಲಯದ್ದು, ದುಡಿಮೆ ಸ್ವಯಂಸೇವಕರದ್ದು. ಹೀಗಾಗಿ ಬಳಕೆದಾರನಿಂದ ಹಣ ಕೇಳಬೇಕಾದ ಪ್ರಸಂಗವೇ ಬರಲಿಲ್ಲ.

ಇದು ಉತ್ತರ ಅಮೆರಿಕದಲ್ಲೇ ಏಕೆ ಹುಟ್ಟಿತು ಎಂಬುದಕ್ಕೆ ಒಂದು ಕಾರಣವನ್ನು ಹಲವರು ಮರೆಯುತ್ತಾರೆ. ಅಲ್ಲಿನ ಮನೆಗಳಲ್ಲಿ ಸ್ಥಳೀಯ ಕರೆಗೆ ನಿಮಿಷದ ಲೆಕ್ಕವಿರಲಿಲ್ಲ. ತಿಂಗಳ ಬಾಡಿಗೆ ಕಟ್ಟಿದರೆ ಊರೊಳಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಿತ್ತು. ಮೋಡೆಮ್ ಗಂಟೆಗಟ್ಟಲೆ ಹಿಡಿದಿಟ್ಟುಕೊಂಡ ಕರೆಯೂ ದೂರವಾಣಿ ಕಂಪನಿಯ ಕಣ್ಣಿಗೆ ಒಂದು ಸ್ಥಳೀಯ ಕರೆಯಷ್ಟೇ. ಕರೆಗೆ ಮೀಟರ್ ಓಡುತ್ತಿದ್ದ ನಮ್ಮಲ್ಲಿ ಇಂಥ ಸೇವೆಯನ್ನು ಯಾರಾದರೂ ಉಚಿತವಾಗಿ ಕೊಟ್ಟಿದ್ದರೂ ದೂರವಾಣಿ ಬಿಲ್ಲೇ ಬಳಕೆದಾರನನ್ನು ತಡೆಯುತ್ತಿತ್ತು. ಫ್ರೀನೆಟ್‌ಗಳ ಉದಾರತೆಯ ಹಿಂದೆ ಬೇರೊಬ್ಬರ ದರಪಟ್ಟಿ ಇತ್ತೆಂಬುದನ್ನು ಇಲ್ಲಿಯೇ ಗಮನಿಸಬೇಕು, ಏಕೆಂದರೆ ಮುಂದಿನ ಹಂತಗಳಲ್ಲೂ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಒಟ್ಟಾವಾದ ನಿಮ್ಮ ಸಂಸ್ಥೆ 1992ರಲ್ಲಿ ನೋಂದಣಿಯಾಗಿ, ಕಾರ್ಲ್‌ಟನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ 1993ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬಳಸಿದ್ದು ಕ್ಲೀವ್‌ಲ್ಯಾಂಡಿನವರೇ ಸಿದ್ಧಪಡಿಸಿದ್ದ ಫ್ರೀಪೋರ್ಟ್ ಎಂಬ ತಂತ್ರಾಂಶ. ಬೇಡಿಕೆ ಎಷ್ಟಿತ್ತೆಂದರೆ ಕರೆ ಮಾಡಿದವರಿಗೆ ಹೆಚ್ಚಾಗಿ ಕೇಳಿಸುತ್ತಿದ್ದುದು ಮಾರ್ಗ ಕಾರ್ಯನಿರತವಾಗಿದೆ ಎಂಬ ಸದ್ದು. ಅದಕ್ಕೆ ಕಾರಣ ಸರಳ ಗಣಿತ. ಡಯಲ್‌ಅಪ್‌ನಲ್ಲಿ, ಅಂದರೆ ದೂರವಾಣಿ ಕರೆ ಮಾಡಿ ಜಾಲ ಸೇರುವ ಪದ್ಧತಿಯಲ್ಲಿ, ಒಂದು ಮೋಡೆಮ್ ಒಂದು ಸಮಯಕ್ಕೆ ಒಬ್ಬರಿಗೆ ಮಾತ್ರ. 100 ಮಾರ್ಗಗಳಿದ್ದು, ಒಬ್ಬರಿಗೆ ಒಂದು ಗಂಟೆಯ ಮಿತಿ ಹಾಕಿದರೆ, ಹಗಲು ರಾತ್ರಿ ಒಂದು ನಿಮಿಷವೂ ಖಾಲಿ ಬಿಡದೆ ನಡೆದರೂ ದಿನಕ್ಕೆ 2,400 ಜನರಿಗಿಂತ ಹೆಚ್ಚು ಮಂದಿ ಒಳಬರಲಾರರು. ಜನ ರಾತ್ರಿ ಮಲಗುವುದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಸದಸ್ಯರು ಹೆಚ್ಚಿದಷ್ಟೂ ಮಾರ್ಗಗಳನ್ನು ಹೆಚ್ಚಿಸಬೇಕು, ಪ್ರತಿ ಮಾರ್ಗಕ್ಕೂ ತಿಂಗಳ ಬಾಡಿಗೆ ಕಟ್ಟಬೇಕು. ಸದಸ್ಯನೋ ಕೊಟ್ಟರೆ ದೇಣಿಗೆ ಕೊಟ್ಟಾನು, ಇಲ್ಲದಿದ್ದರೆ ಇಲ್ಲ. ಯಶಸ್ಸೇ ಖರ್ಚನ್ನು ಹೆಚ್ಚಿಸುತ್ತಿತ್ತು, ಆದಾಯವನ್ನಲ್ಲ.

ಎರಡನೆಯ ಹೊಡೆತ ವೆಬ್‌ನಿಂದ ಬಂತು. ಸೆಕೆಂಡಿಗೆ 2,400 ಬಿಟ್ ಸಾಗಿಸುವ ಮೋಡೆಮ್ ಸುಮಾರು 240 ಅಕ್ಷರಗಳನ್ನು ತರಬಲ್ಲದು. 24 ಸಾಲು, ಸಾಲಿಗೆ 80 ಅಕ್ಷರಗಳ ತುಂಬಿದ ಪರದೆ ಮೂಡಲು ಎಂಟು ಸೆಕೆಂಡು ಸಾಕು. ಬರಿಯ ಅಕ್ಷರಗಳ ಊರಿಗೆ ಅದು ಧಾರಾಳವಾಯಿತು. ಆದರೆ 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು ಪುಟಗಳಲ್ಲಿ ಚಿತ್ರಗಳು ತುಂಬಿದ ಮೇಲೆ, 50 ಕಿಲೋಬೈಟಿನ ಒಂದು ಚಿತ್ರಕ್ಕೆ ಅದೇ ಮೋಡೆಮ್ ಮೂರೂವರೆ ನಿಮಿಷ ತೆಗೆದುಕೊಳ್ಳುತ್ತಿತ್ತು. ವೇಗದ ಮೋಡೆಮ್ ಕೊಳ್ಳುವುದೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಫ್ರೀಪೋರ್ಟಿನಲ್ಲಿ ಬಳಕೆದಾರನ ಯಂತ್ರ ಅಂತರ್ಜಾಲದ ಭಾಗವೇ ಆಗಿರಲಿಲ್ಲ. ಅದು ದೂರದ ಕಂಪ್ಯೂಟರಿನ ಪರದೆ ಮತ್ತು ಕೀಲಿಮಣೆಯಾಗಿ ಮಾತ್ರ ಕೆಲಸ ಮಾಡುತ್ತಿತ್ತು. ವೆಬ್ ಬೇಕೆಂದರೆ ಮನೆಯ ಯಂತ್ರಕ್ಕೇ ಐಪಿ ವಿಳಾಸ ಕೊಟ್ಟು ಜಾಲಕ್ಕೆ ಸೇರಿಸಬೇಕು, ಅಂದರೆ ವ್ಯವಸ್ಥೆಯನ್ನೇ ಬದಲಿಸಬೇಕು. ವಾಣಿಜ್ಯ ಸೇವಾದಾರರು ಅದನ್ನು ಮಾಸಿಕ ಶುಲ್ಕಕ್ಕೆ ಕೊಡತೊಡಗಿದರು; ಶಕ್ತಿಯಿದ್ದ ಸದಸ್ಯರು ಅಲ್ಲಿಗೆ ಹೋದರು; ದೇಣಿಗೆ ಕೊಡುತ್ತಿದ್ದವರಲ್ಲಿ ಹೆಚ್ಚಿನವರು ಅವರೇ ಆಗಿದ್ದರು.

ಫ್ರೀನೆಟ್‌ಗಳನ್ನು ಒಗ್ಗೂಡಿಸಲು ಗ್ರಂಡ್ನರ್ 1989ರಲ್ಲಿ ಕಟ್ಟಿದ್ದ ರಾಷ್ಟ್ರೀಯ ಒಕ್ಕೂಟ 1996ರಲ್ಲಿ ದಿವಾಳಿಯಾಯಿತು. ಕ್ಲೀವ್‌ಲ್ಯಾಂಡ್ ಫ್ರೀನೆಟ್ ಕೂಡ 1999ರಲ್ಲಿ ಮುಚ್ಚಿತು. 2000ನೇ ಇಸವಿಯ ದಿನಾಂಕದ ತೊಡಕಿಗೆ ಆ ಹಳೆಯ ತಂತ್ರಾಂಶವನ್ನು ಹೊಂದಿಸಲಾಗದೆಂಬುದು ವಿಶ್ವವಿದ್ಯಾಲಯ ಕೊಟ್ಟ ಕಾರಣ. ನನ್ನ ದೃಷ್ಟಿಯಲ್ಲಿ ಆ ಕಾರಣ ಅರ್ಧ ಮಾತ್ರ. ಇನ್ನೊಬ್ಬರ ಮನೆಯ ಜಗಲಿಯಲ್ಲಿ ನಡೆಯುವ ಶಾಲೆ ಮನೆಯವರ ಮನಸ್ಸು ಇರುವವರೆಗೆ ಮಾತ್ರ ನಡೆಯುತ್ತದೆ. ಕ್ಲೀವ್‌ಲ್ಯಾಂಡಿನ ಬಳಕೆದಾರರಿಗೆ ಆ ಯಂತ್ರದ ಮೇಲಾಗಲಿ, ಅದನ್ನು ಮುಚ್ಚುವ ತೀರ್ಮಾನದ ಮೇಲಾಗಲಿ ಅಧಿಕಾರವಿರಲಿಲ್ಲ. ಒಟ್ಟಾವಾದ ಸಂಸ್ಥೆ ಮೊದಲಿನಿಂದಲೇ ಪ್ರತ್ಯೇಕವಾಗಿ ನೋಂದಣಿಯಾಗಿ, ಸದಸ್ಯರು ಚುನಾಯಿಸುವ ಆಡಳಿತ ಮಂಡಳಿಯನ್ನು ಹೊಂದಿತ್ತು. ಅದು ಇಂದಿಗೂ ಬದುಕಿರಲು ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಈ ನಡುವೆ ಕೆನಡಾದ ಇನ್ನೊಂದು ತುದಿಯಲ್ಲಿ ನಡೆದ ಒಂದು ಮೊಕದ್ದಮೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ವ್ಯಾಂಕೂವರಿನ ಫ್ರೀನೆಟ್ ತನ್ನನ್ನು ಧರ್ಮಾರ್ಥ ಸಂಸ್ಥೆಯೆಂದು ನೋಂದಾಯಿಸುವಂತೆ ಕೇಳಿದಾಗ ತೆರಿಗೆ ಇಲಾಖೆ ಒಪ್ಪಲಿಲ್ಲ. 1996ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಯಾವುದು ಧರ್ಮಕಾರ್ಯ ಎಂಬುದಕ್ಕೆ ಆ ದೇಶದ ನ್ಯಾಯಾಲಯಗಳು ಇಂದಿಗೂ ನೋಡುವುದು 1601ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಆದ ಶಾಸನದ ಪೀಠಿಕೆಯನ್ನು. ಅದರಲ್ಲಿ ಸೇತುವೆ, ಬಂದರು, ಹೆದ್ದಾರಿಗಳ ದುರಸ್ತಿಯ ಉಲ್ಲೇಖವಿದೆ. ಮಾಹಿತಿಯ ಹೆದ್ದಾರಿಗೆ ಸಾರ್ವಜನಿಕರಿಗೆ ಉಚಿತ ಪ್ರವೇಶ ಕೊಡುವುದೂ ಅದೇ ಜಾತಿಯ ಕೆಲಸ ಎಂದು ಬಹುಮತದ ನ್ಯಾಯಾಧೀಶರು ಒಪ್ಪಿಕೊಂಡರು. ಕೆರೆಕಟ್ಟೆ ಕಟ್ಟಿಸಿದವರನ್ನು ಶಾಸನಗಳಲ್ಲಿ ಹೊಗಳಿದ ನಾಡಿನವರಿಗೆ ಈ ತರ್ಕ ಹಿಡಿಸದಿರದು. ಆದರೆ ಒಂದು ಎಚ್ಚರಿಕೆ ಅಗತ್ಯ: ತೀರ್ಪು ನಿಂತಿದ್ದುದು ಉಚಿತ ಪ್ರವೇಶದ ಮೇಲೆ. ಲಾಭೋದ್ದೇಶವಿಲ್ಲದ ಸಂಸ್ಥೆಯೆಲ್ಲವೂ ಧರ್ಮಾರ್ಥ ಸಂಸ್ಥೆಯಾಗುವುದಿಲ್ಲ. ಆದ್ದರಿಂದ ನಿಮ್ಮ ಮಾಸಿಕ ಶುಲ್ಕವನ್ನು ತೆರಿಗೆ ವಿನಾಯಿತಿ ಸಿಗುವ ದೇಣಿಗೆಯೆಂದು ಎಣಿಸಬೇಡಿ.

ಡಯಲ್‌ಅಪ್ ಕಾಲ ಮುಗಿಯುತ್ತ ಬಂದಾಗ, 2000ರ ದಶಕದ ಮಧ್ಯದಲ್ಲಿ, ಒಟ್ಟಾವಾದ ಸಂಸ್ಥೆ ದೂರವಾಣಿ ತಂತಿಯಲ್ಲೇ ವೇಗದ ಅಂತರ್ಜಾಲ ಕೊಡುವ ಡಿಎಸ್‌ಎಲ್ ಸೇವೆಗೆ ಇಳಿಯಿತು. ಆಗ ಅದರ ಲೆಕ್ಕಾಚಾರವೇ ಬದಲಾಯಿತು. ಡಯಲ್‌ಅಪ್‌ನಲ್ಲಿ ಕೊನೆಯ ತಂತಿಯ ಬಾಡಿಗೆಯನ್ನು ಮನೆಯವರು ದೂರವಾಣಿಗಾಗಿ ಹೇಗೂ ಕಟ್ಟಿರುತ್ತಿದ್ದರು. ಡಿಎಸ್‌ಎಲ್‌ನಲ್ಲಿ ಪ್ರತಿ ಮನೆಗೂ ಸಂಸ್ಥೆಯೇ ದೂರವಾಣಿ ಕಂಪನಿಗೆ ಪ್ರತಿ ತಿಂಗಳು ಸಗಟು ಬಾಡಿಗೆ ಕೊಡಬೇಕು. ಹೀಗಿರುವಾಗ ಉಚಿತವಾಗಿ ಕೊಡುವುದೆಂದರೆ ಪ್ರತಿ ಸದಸ್ಯನ ಹೆಸರಿನಲ್ಲೂ ತಿಂಗಳು ತಿಂಗಳು ನಷ್ಟ ಬರೆದುಕೊಳ್ಳುವುದು. ಶುಲ್ಕ ಬಂದದ್ದು ಇದಕ್ಕಾಗಿಯೇ ಹೊರತು ಆದರ್ಶ ಕೈಬಿಟ್ಟದ್ದರಿಂದಲ್ಲ.

ದೂರವಾಣಿ ಕಂಪನಿ ತನ್ನ ತಂತಿಯನ್ನು ಸ್ಪರ್ಧಿಗೆ ಬಾಡಿಗೆಗೆ ಕೊಡುವುದು ಔದಾರ್ಯದಿಂದಲ್ಲ. ಕೆನಡಾದ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಸಿಆರ್‌ಟಿಸಿ ಅದನ್ನು ಕಡ್ಡಾಯ ಮಾಡಿದೆ, ದರವನ್ನೂ ಅದೇ ನಿಗದಿಪಡಿಸುತ್ತದೆ. ನಿಮ್ಮ ಬಿಲ್ಲಿನ ಏರಿಳಿತಕ್ಕೆ ಫ್ರೀನೆಟ್‌ನ ದಕ್ಷತೆಗಿಂತ ಆ ಸಂಸ್ಥೆಯ ಆದೇಶಗಳೇ ಹೆಚ್ಚು ಕಾರಣ. 2011ರ ಜನವರಿಯಲ್ಲಿ ಸಣ್ಣ ಸೇವಾದಾರರ ಗ್ರಾಹಕರಿಗೂ ಬಳಸಿದಷ್ಟು ದತ್ತಾಂಶಕ್ಕೆ ಹಣ ಎಂಬ ಪದ್ಧತಿಯನ್ನು ಅನ್ವಯಿಸುವ ತೀರ್ಮಾನ ಹೊರಬಿದ್ದಾಗ ದೇಶದಾದ್ಯಂತ ಜನ ತಿರುಗಿಬಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಕೈಬಿಟ್ಟು, ಸಣ್ಣ ಸೇವಾದಾರ ತನ್ನ ಗ್ರಾಹಕರೆಲ್ಲರಿಗೆ ಒಟ್ಟಾಗಿ ಎಷ್ಟು ಸಾಮರ್ಥ್ಯ ಬೇಕೋ ಅಷ್ಟನ್ನು ಮುಂಗಡವಾಗಿ ಕೊಳ್ಳುವ ಪದ್ಧತಿಯನ್ನು ತಂದರು. 2019ರ ಆಗಸ್ಟಿನಲ್ಲಿ ಸಗಟು ದರಗಳನ್ನು ಗಣನೀಯವಾಗಿ ಇಳಿಸಿದ ಆದೇಶ ಬಂತು. 2021ರ ಮೇ ತಿಂಗಳಲ್ಲಿ ಅದೇ ನಿಯಂತ್ರಕ ಸಂಸ್ಥೆ ಅದನ್ನು ಹಿಂದಕ್ಕೆ ತೆಗೆದುಕೊಂಡು 2016ರ ತಾತ್ಕಾಲಿಕ ದರಗಳಿಗೇ ಮರಳಿತು. ಹಾಗೆಯೇ ಬಹುಕಾಲ ಈ ಸಗಟು ವ್ಯವಸ್ಥೆಯಲ್ಲಿ ಮನೆವರೆಗಿನ ಫೈಬರ್ (ಬೆಳಕಿನ ಮೂಲಕ ದತ್ತಾಂಶ ಸಾಗಿಸುವ ಗಾಜಿನ ಎಳೆ) ಕಾರ್ಯತಃ ಸಿಗುತ್ತಿರಲಿಲ್ಲ. ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತಗಳಲ್ಲಿ ಅದನ್ನೂ ಸ್ಪರ್ಧಿಗಳಿಗೆ ತೆರೆಯಬೇಕೆಂಬ ತಾತ್ಕಾಲಿಕ ಆದೇಶ ಬಂದದ್ದು 2023ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಫ್ರೀನೆಟ್‌ನಂಥವರು ಹಳೆಯ ತಾಮ್ರದ ತಂತಿಯ ವೇಗವನ್ನೇ ಹಿಡಿದುಕೊಂಡು, ಪಕ್ಕದ ಕಂಬದಲ್ಲಿ ಹೊಳೆಯುವ ಫೈಬರಿನ ಎದುರು ಸ್ಪರ್ಧಿಸಬೇಕಾಗಿತ್ತು. ಆದ್ದರಿಂದ ದರ ಬಹಳ ಅಗ್ಗವಾಗಿಲ್ಲ, ವೇಗ ಬಹಳ ಹೆಚ್ಚಿಲ್ಲ ಎಂದು ಸಂಸ್ಥೆಯನ್ನು ದೂರುವ ಮೊದಲು ಈ ಕಟ್ಟುಪಾಡನ್ನು ನೆನಪಿಡುವುದು ನ್ಯಾಯ.

ಹಾಗಾದರೆ ಇತರ ಸಣ್ಣ ಸೇವಾದಾರರಿಗೂ ಇದಕ್ಕೂ ಏನು ಭೇದ ಎಂದು ನೀವು ಕೇಳಬಹುದು. ದರದಲ್ಲಿ, ತಂತ್ರಜ್ಞಾನದಲ್ಲಿ ಬಹಳ ಭೇದವಿಲ್ಲ. ಭೇದವಿರುವುದು ಒಡೆತನದಲ್ಲಿ, ಮತ್ತು ಅದು ಗೋಚರವಾದದ್ದು ಇತ್ತೀಚೆಗೆ. ಸಗಟು ದರಗಳು ಮತ್ತೆ ಏರಿದ ನಂತರ ಕೆನಡಾದ ಹಲವು ಸ್ವತಂತ್ರ ಸೇವಾದಾರರು ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳಿಗೆ ಮಾರಾಟವಾದರು. 2022ರಲ್ಲಿ ಇಬಾಕ್ಸ್ ಮತ್ತು ಡಿಸ್ಟ್ರಿಬ್ಯೂಟೆಲ್ ಎಂಬ ಎರಡು ಸೇವಾದಾರರನ್ನೂ ಬೆಲ್ ಎಂಬ ದೊಡ್ಡ ದೂರವಾಣಿ ಕಂಪನಿ ಕೊಂಡುಕೊಂಡಿತು. ಷೇರುದಾರರಿಗೆ ಒಳ್ಳೆಯ ಬೆಲೆ ಸಿಕ್ಕರೆ ಮಾರುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲಾಭೋದ್ದೇಶವಿಲ್ಲದ ಸಂಸ್ಥೆಗೆ ಷೇರು ಬಂಡವಾಳವೇ ಇರುವುದಿಲ್ಲ. ಮಾರಿ ಹಣ ಹಂಚಿಕೊಳ್ಳಲು ಅಲ್ಲಿ ಯಾರಿಗೂ ಪಾಲಿಲ್ಲ. ಅದು ಸೋಲಬಹುದು, ಮುಚ್ಚಬಹುದು. ಒಂದು ಬೆಳಗ್ಗೆ ಎದ್ದಾಗ ಬೇರೊಬ್ಬರ ಕೈಸೇರಿರುವುದು ಮಾತ್ರ ಸುಲಭವಲ್ಲ.

ಮಹಾಸಭೆಗೆ ಹೋಗಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಇಂಥ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಬಹುಪಾಲು ಜನ ತಮ್ಮನ್ನು ಗ್ರಾಹಕರೆಂದೇ ತಿಳಿದಿರುತ್ತಾರೆ, ಮತ ಹಾಕುವವರು ಬೆರಳೆಣಿಕೆಯ ಹಳಬರು. ಅಲ್ಲಿ ವೇಗದ ಬಗ್ಗೆ ದೂರು ಹೇಳುವುದಕ್ಕಿಂತ ಲೆಕ್ಕಪತ್ರ ಕೇಳುವುದು ಉಪಯುಕ್ತ. ಪ್ರತಿ ಡಾಲರಿನಲ್ಲಿ ಎಷ್ಟು ಭಾಗ ಸಗಟು ಬಾಡಿಗೆಗೆ ಹೋಗುತ್ತಿದೆ? ಆದಾಯ ನಿಂತರೆ ಎಷ್ಟು ತಿಂಗಳು ನಡೆಯುವಷ್ಟು ಮೀಸಲು ನಿಧಿ ಇದೆ? ಫೈಬರ್ ಸಗಟು ಸೇವೆಗೆ ಸೇರಲು ಬೇಕಾದ ಹೂಡಿಕೆಯನ್ನು ಎಲ್ಲಿಂದ ತರುತ್ತಾರೆ? ಶುಲ್ಕ ಕಟ್ಟಲಾಗದ ಮನೆಗಳಿಗೆ ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲದಿದ್ದರೆ, ಲಾಭೋದ್ದೇಶವಿಲ್ಲ ಎಂಬ ನೋಂದಣಿ ಕಾಗದದ ಮೇಲಷ್ಟೇ ಉಳಿದಿದೆ ಎಂದರ್ಥ.

ಇನ್ನು ನಿಮ್ಮ ಊರಿನ ವಿಷಯ. ಒಟ್ಟಾವಾದ ಮಾದರಿಯನ್ನು ಶಿರಸಿಗೆ ಹಾಗೆಯೇ ತರಲಾಗದು, ಏಕೆಂದರೆ ಮನೆವರೆಗಿನ ತಂತಿಯನ್ನು ಸ್ಪರ್ಧಿಗೆ ಸಗಟಾಗಿ ಕೊಡಲೇಬೇಕೆಂಬ ಕಡ್ಡಾಯ ಭಾರತದಲ್ಲಿ ಜಾರಿಗೆ ಬರಲಿಲ್ಲ. ಅಲ್ಲದೆ ನಿಮ್ಮ ಕೇರಿಗೆ ಬಾಡಿಗೆಗೆ ಪಡೆಯಲು ಯೋಗ್ಯವಾದ ತಂತಿಯೇ ಇರಲಾರದು. ನೀವು ನೋಡಬೇಕಾದದ್ದು ಕೊನೆಯ ಭಾಗವನ್ನು ತಾವೇ ಕಟ್ಟಿಕೊಂಡವರನ್ನು. ಸ್ಪೇನಿನ ಕೆಟಲೋನಿಯಾದ ಒಸೋನ ಸೀಮೆಯಲ್ಲಿ 2004ರಲ್ಲಿ ಆರಂಭವಾದ ಗೀಫಿ ಜಾಲವನ್ನು ರೈತರು, ಅಂಗಡಿಯವರು, ಪುರಸಭೆಗಳು ತಮ್ಮ ತಮ್ಮ ಛಾವಣಿಯ ಮೇಲೆ ಆಂಟೆನಾ ನಿಲ್ಲಿಸಿ, ಪರಸ್ಪರ ಜೋಡಿಸಿ ಬೆಳೆಸಿದರು. ಇಂದು ಅದು ಹತ್ತಾರು ಸಾವಿರ ನೋಡ್‌ಗಳ (ಸಂಪರ್ಕ ಬಿಂದುಗಳ) ಜಾಲ, ಅದರ ಮೇಲೆ ಹಲವು ಸಣ್ಣ ಸೇವಾದಾರರು ವ್ಯಾಪಾರವನ್ನೂ ಮಾಡುತ್ತಾರೆ, ಜಾಲದ ನಿರ್ವಹಣೆಗೆ ತಮ್ಮ ಬಳಕೆಗೆ ತಕ್ಕ ಪಾಲನ್ನೂ ಕೊಡುತ್ತಾರೆ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ 2011ರಲ್ಲಿ ಸ್ಥಾಪನೆಯಾದ ಬಾರ್ನ್ ಎಂಬ ಸಂಘ ಹಳ್ಳಿಗರಿಗೇ ಷೇರು ಮಾರಿ ಬಂಡವಾಳ ಕೂಡಿಸಿತು. ಹೊಲಗಳ ಮಾಲೀಕರು ಕೇಬಲ್ ಹಾಯಲು ದಾರಿಯನ್ನು ಹಣ ಪಡೆಯದೆ ಬಿಟ್ಟುಕೊಟ್ಟರು, ಗುಂಡಿಯನ್ನು ಬಹುಮಟ್ಟಿಗೆ ಊರವರೇ ತೋಡಿದರು. ಆರಂಭದಲ್ಲಿ ತಿಂಗಳಿಗೆ 30 ಪೌಂಡಿಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಕೊಡಲು ಅವರಿಗೆ ಸಾಧ್ಯವಾದದ್ದು ಈ ಎರಡು ಖರ್ಚು ಉಳಿದದ್ದರಿಂದ. ನಮ್ಮಲ್ಲೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ ಜನಸ್ತು ಎಂಬ ಸಂಸ್ಥೆ ಹಳ್ಳಿಯೊಳಗಿನ ಮೆಶ್ ಜಾಲದ (ಉಪಕರಣಗಳು ಒಂದರಿಂದ ಒಂದಕ್ಕೆ ನೇರವಾಗಿ ಜೋಡಿಕೊಳ್ಳುವ ಜಾಲದ) ಪ್ರಯೋಗ ಮಾಡಿದೆ.

ಸಂಘ ಕಟ್ಟುವುದು ನಿಮ್ಮ ಸೀಮೆಗೆ ಕಷ್ಟವಲ್ಲ. 1923ರಿಂದ ಅಡಿಕೆ ವಹಿವಾಟನ್ನು ತೋಟಗಾರರ ಸಹಕಾರ ಸಂಘದ ಮೂಲಕ ನಡೆಸಿದ ಊರು ಅದು. ನೋಂದಣಿಗೆ 1960ರ ಸಂಘಗಳ ನೋಂದಣಿ ಕಾಯ್ದೆಯೂ ಇದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆಯೂ ಇದೆ. ಇನ್ನು ಸಂಪರ್ಕ ಸೇವೆ ಕೊಡಲು ಕಾನೂನಿನ ದಾರಿ ಎರಡು. ಪಂಚಾಯಿತಿ ಕಟ್ಟಡ, ಹಾಲಿನ ಡೇರಿ, ಗ್ರಂಥಾಲಯ ಇಂಥ ಕಡೆ ಸಾರ್ವಜನಿಕ ವೈಫೈ ಕೊಡುವುದಷ್ಟೇ ಉದ್ದೇಶವಾದರೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಎಂಬ ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆಯಲ್ಲಿ ಪಬ್ಲಿಕ್ ಡೇಟಾ ಆಫೀಸ್ (ವೈಫೈ ಕೊಡುವ ಸ್ಥಳೀಯ ಕೇಂದ್ರ) ಆಗಬಹುದು. ಇದಕ್ಕೆ ಪರವಾನಗಿಯೂ ಬೇಡ, ಪರವಾನಗಿ ಶುಲ್ಕವೂ ಇಲ್ಲ. ಮನೆಮನೆಗೆ ಪ್ರತ್ಯೇಕ ಸಂಪರ್ಕ ಕೊಡುವುದಾದರೆ ಸೇವಾದಾರರ ಪರವಾನಗಿ ಬೇಕಾಗುತ್ತದೆ, ಅಥವಾ ಪರವಾನಗಿ ಇರುವ ಸ್ಥಳೀಯ ಸೇವಾದಾರರೊಬ್ಬರೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಒಂದು ಮನೆಯ ಬ್ರಾಡ್‌ಬ್ಯಾಂಡನ್ನು ಹತ್ತು ಮನೆಗೆ ಹಂಚಿ ಹಣ ಪಡೆಯುವ ಅಡ್ಡದಾರಿ ಬೇಡ.

ನಿಸ್ತಂತು ಉಪಕರಣಗಳ ಬಗ್ಗೆ ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುವ ಎರಡು ಮಾತು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದ, ನಿಗದಿತ ಶಕ್ತಿಯ ಮಿತಿಯೊಳಗೆ ಗುಡ್ಡದಿಂದ ಗುಡ್ಡಕ್ಕೆ ಕೊಂಡಿ ಹಾಕಬಹುದು. ಆದರೆ ಎರಡು ಆಂಟೆನಾಗಳು ಒಂದಕ್ಕೊಂದು ಕಂಡರೆ ಸಾಲದು. ಐದು ಕಿಲೋಮೀಟರ್ ಅಂತರದ 5.8 ಗಿಗಾಹರ್ಟ್ಸ್ ಕೊಂಡಿಗೆ, ನಡುಮಧ್ಯದಲ್ಲಿ ನೋಟದ ಗೆರೆಯ ಸುತ್ತ ರೇಡಿಯೊ ಅಲೆಗಳು ಹರಡಿಕೊಂಡು ಸಾಗುವ, ಸುಮಾರು ಎಂಟು ಮೀಟರ್ ತ್ರಿಜ್ಯದ ವಲಯವಿರುತ್ತದೆ. ಅದರಲ್ಲಿ ಕನಿಷ್ಠ ಐದು ಮೀಟರಾದರೂ ತೆರವಾಗಿರಬೇಕು. ಅಡಿಕೆ ಮರದ ತಲೆ ಆ ವಲಯದೊಳಗೆ ಇಣುಕಿದರೆ ಬೇಸಿಗೆಯಲ್ಲಿ ಹೇಗೋ ನಡೆದ ಕೊಂಡಿ ಆಷಾಢದಲ್ಲಿ ಎಲೆ ನೆನೆದ ಕೂಡಲೇ ಬೀಳುತ್ತದೆ. ಆದ್ದರಿಂದ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ, ಮತ್ತು ಆಂಟೆನಾ ಕಂಬಕ್ಕೆ ಭೂಸಂಪರ್ಕ ಹಾಗೂ ಸಿಡಿಲು ರಕ್ಷಕಕ್ಕೆ ಬೇಕಾಗುವ ಹಣವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಬರೆಯಿರಿ.

ಇವೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಜಾಲದ ಮೂಲ ಸಂಪರ್ಕ. ನಿಮ್ಮ ಗ್ರಾಮ ಪಂಚಾಯಿತಿಗೆ ಭಾರತ್‌ನೆಟ್ (ಗ್ರಾಮ ಪಂಚಾಯಿತಿಗಳಿಗೆ ಅಂತರ್ಜಾಲ ತಲುಪಿಸುವ ಕೇಂದ್ರ ಸರ್ಕಾರದ ಯೋಜನೆ) ಫೈಬರ್ ಬಂದಿದ್ದರೆ, ಅದು ನಿಜವಾಗಿ ಬೆಳಗುತ್ತಿದೆಯೇ, ಕಡಿದುಹೋದರೆ ಎಷ್ಟು ದಿನದಲ್ಲಿ ಸರಿಯಾಗುತ್ತಿದೆ, ಅದರಿಂದ ಹೊರಗಿನವರಿಗೆ ಸಾಮರ್ಥ್ಯವನ್ನು ಯಾವ ದರಕ್ಕೆ ಕೊಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಪಂಚಾಯಿತಿ ಕಚೇರಿಯಲ್ಲೂ ಬಿಎಸ್‌ಎನ್‌ಎಲ್‌ನ ಸ್ಥಳೀಯ ಕಚೇರಿಯಲ್ಲೂ ಲಿಖಿತ ಉತ್ತರ ಕೇಳಿ. ಆ ಉತ್ತರಗಳು ಕೈಗೆ ಬಂದ ಮೇಲೆ ಕೇರಿಯ ಮನೆಗಳ ಸಂಖ್ಯೆಯನ್ನೂ ತಿಂಗಳಿಗೆ ಎಷ್ಟು ಕೊಡಲು ಅವರು ಸಿದ್ಧರೆಂಬುದನ್ನೂ ಬರೆದು ಕಳುಹಿಸಿದರೆ, ಎಷ್ಟು ಸಾಮರ್ಥ್ಯ ಕೊಳ್ಳಬೇಕು, ಎಷ್ಟು ಕಂಬ ನೆಡಬೇಕು ಎಂಬ ಅಂದಾಜನ್ನು ಹಾಕಿಕೊಡಲು ಸಾಧ್ಯವಾಗುತ್ತದೆ.